ಬಾಹ್ಯಾಕಾಶ ನೌಕೆಯ ನಕ್ಷೆಯಲ್ಲಿ ಇಷ್ಟೊಂದು ಜಾಗ ಎಲ್ಲಿಂದ ಬಂತು?

‘ಟ್ರಾವೆಲರ್’ ಅನ್ನುವ ರೋಲ್‌ಪ್ಲೇಯಿಂಗ್ ಆಟದಲ್ಲಿ (ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟ) ಒಂದು ಗಸ್ತು ಬಾಹ್ಯಾಕಾಶ ನೌಕೆ ಇದೆ. ಗಾತ್ರ 400 ಟನ್. ಒಳಗಿರುವವರು 18 ಜನ. ಒಬ್ಬ ಪೈಲಟ್, ದಾರಿ ಲೆಕ್ಕ ಹಾಕುವವನೊಬ್ಬ, ಮೂವರು ಎಂಜಿನಿಯರುಗಳು, ಒಬ್ಬ ಡಾಕ್ಟರು, ನಾಲ್ವರು ಗನ್ನರುಗಳು, ಎಂಟು ಜನ ಸೈನಿಕರು. ಮಲಗುವುದಕ್ಕೆ 12 ಕೋಣೆಗಳು. ಓದಿದ ತಕ್ಷಣ ಪುಟ್ಟ ನೌಕೆ, ಇಕ್ಕಟ್ಟಿನ ಬದುಕು ಅನ್ನಿಸುತ್ತದೆ. 400 ಟನ್ ಅಂದರೆ ಎಷ್ಟು ಮಹಾ, ಅಲ್ವಾ?

ಆದರೆ ಇಲ್ಲಿನ ಟನ್ ತೂಕದ ಲೆಕ್ಕವಲ್ಲ, ಜಾಗದ ಲೆಕ್ಕ. ಈ ಆಟ 1977ರಲ್ಲಿ ಅಮೆರಿಕದಲ್ಲಿ ಹೊರಬಂತು. ಅದರ ನೌಕೆಗಳು ದ್ರವ ಹೈಡ್ರೋಜನ್ನನ್ನು ಇಂಧನವಾಗಿ ಹೊರುತ್ತವೆ. ಒಂದು ಟನ್ ದ್ರವ ಹೈಡ್ರೋಜನ್ ಎಷ್ಟು ಜಾಗ ಹಿಡಿಯುತ್ತದೋ ಅದನ್ನೇ ಆಟದವರು ಅಳತೆಯಾಗಿ ಇಟ್ಟುಕೊಂಡರು. ಹೈಡ್ರೋಜನ್ ತೀರಾ ಹಗುರ. ಹಾಗಾಗಿ ಒಂದು ಟನ್ ಅಂದರೆ ಸುಮಾರು 14 ಘನ ಮೀಟರ್ ಜಾಗ. 400 ಟನ್ನಿನ ನೌಕೆ ಅಂದರೆ 5,600 ಘನ ಮೀಟರ್. ತಲೆಗೆ 311 ಘನ ಮೀಟರ್ ಬಂತು.

ಇದನ್ನು ಒಂದು ನಿಜವಾದ ಯುದ್ಧನೌಕೆಯ ಪಕ್ಕ ಇಟ್ಟು ನೋಡೋಣ. ವಿಶಾಖಪಟ್ಟಣದ ಬೀಚಿನಲ್ಲಿ ಐಎನ್‌ಎಸ್ ಕುರ್ಸುರಾ ಸಬ್‌ಮೆರೀನ್ ನಿಂತಿದೆ. 1969ರಲ್ಲಿ ನಮ್ಮ ನೌಕಾಪಡೆಗೆ ಸೇರಿದ್ದು, 2001ರಲ್ಲಿ ನಿವೃತ್ತಿಯಾಗಿ 2002ರಿಂದ ಮ್ಯೂಸಿಯಂ ಆಗಿದೆ. ಟಿಕೆಟ್ ತೆಗೆದುಕೊಂಡು ಒಂದು ತುದಿಯಲ್ಲಿ ಹತ್ತಿ, ಇನ್ನೊಂದು ತುದಿಯಲ್ಲಿ ಇಳಿಯಬಹುದು. ಉದ್ದ 91 ಮೀಟರ್. ಸಬ್‌ಮೆರೀನಿನ ಗಾತ್ರ ಲೆಕ್ಕ ಹಾಕುವುದು ಸುಲಭ. ಪೂರ್ತಿ ಮುಳುಗಿದಾಗ ಅದು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೋ ಅದೇ ಅದರ ಒಟ್ಟು ಗಾತ್ರ. ಈ ದರ್ಜೆಯ ಸಬ್‌ಮೆರೀನ್ ಸರಿಸುವುದು 2,475 ಟನ್ ಸಮುದ್ರದ ನೀರು. ಅಂದರೆ ಸುಮಾರು 2,400 ಘನ ಮೀಟರ್. ಆಟದ ಲೆಕ್ಕದಲ್ಲಿ 172 ಟನ್. ಗಸ್ತು ನೌಕೆಯ ಅರ್ಧವೂ ಇಲ್ಲ.

ಅದರೊಳಗೆ 75 ಜನ ಇರುತ್ತಿದ್ದರು.

ತಲೆಗೆ 32 ಘನ ಮೀಟರ್. ಆಟದ ನೌಕೆಗೆ ಹೋಲಿಸಿದರೆ ಹತ್ತರಲ್ಲಿ ಒಂದು ಪಾಲು. ಅದೂ ಪೂರ್ತಿ ಮನುಷ್ಯರಿಗೆ ಸಿಗುವ ಜಾಗವಲ್ಲ. ಮೂರು ಡೀಸೆಲ್ ಎಂಜಿನ್, ನೆಲದಡಿಯ ಬ್ಯಾಟರಿಗಳು, 22 ಟಾರ್ಪಿಡೊ, ಇಂಧನ, ಮುಳುಗಲು ನೀರು ತುಂಬಿಸುವ ಟ್ಯಾಂಕುಗಳು ಎಲ್ಲವೂ ಆ 32ರ ಒಳಗೇ ಬರಬೇಕು. ಆಟದ ನಿಯಮದ ಪ್ರಕಾರ ಒಬ್ಬರಿಗೆ ಒಂದು ಕೋಣೆ, ಕೋಣೆಗೆ ನಾಲ್ಕು ಟನ್. ಅದನ್ನು ಕುರ್ಸುರಾಕ್ಕೆ ಹಾಕಿದರೆ 75 ಜನರ ಕೋಣೆಗಳಿಗೇ 300 ಟನ್ ಬೇಕು. ಇಡೀ ಸಬ್‌ಮೆರೀನೇ 172. ಸೈನ್ಯದ ನೌಕೆಗಳಲ್ಲಿ ಕೋಣೆಗೆ ಇಬ್ಬರನ್ನು ಹಾಕಬಹುದು ಅಂತ ನಿಯಮದಲ್ಲಿ ಒಂದು ರಿಯಾಯಿತಿ ಇದೆ. ಆಗಲೂ 150 ಟನ್. ಉಳಿದ 22 ಟನ್ನಿನಲ್ಲಿ ಎಂಜಿನ್ನೂ ಇಲ್ಲ, ಟಾರ್ಪಿಡೊನೂ ಇಲ್ಲ ಅನ್ನುವಂತಾಗುತ್ತದೆ.

ಇಷ್ಟು ದೊಡ್ಡ ಅಂತರ ಸುಮ್ನೆ ಬರುವುದಿಲ್ಲ. ಆಟದವರಿಗೆ ನೌಕೆಗಳ ಬಗ್ಗೆ ಗೊತ್ತಿರಲಿಲ್ಲ ಅಂತ ಕೈತೊಳೆದುಕೊಳ್ಳುವುದೂ ಸರಿಯಲ್ಲ. ಅವರು ತುಂಬ ಲೆಕ್ಕಾಚಾರದ ಜನ. ದೂರ ಹೋಗಬೇಕಾದರೆ ಇಂಧನಕ್ಕೇ ನೌಕೆಯ ಹತ್ತು, ಇಪ್ಪತ್ತು, ಮೂವತ್ತು ಶೇಕಡಾ ಜಾಗ ಬಿಟ್ಟುಕೊಡಬೇಕು ಅಂತ ಬರೆದವರು ಅವರು. ಅದು ನಿಜ ಜಗತ್ತಿಗೆ ಹತ್ತಿರವಾಗಿಯೇ ಇದೆ. ಕಾರವಾರದ ನೌಕಾನೆಲೆಗೆ ಸೇರಿದ ಐಎನ್‌ಎಸ್ ವಿಕ್ರಮಾದಿತ್ಯ 44,500 ಟನ್ನಿನ ಹಡಗು. ಅದು ಹೊರುವ ಇಂಧನವೇ 8,000 ಟನ್ನಿಗೂ ಜಾಸ್ತಿ. ಯಂತ್ರ, ಇಂಧನಗಳ ವಿಷಯದಲ್ಲಿ ಆಟ ಬಿಗಿಯಾಗಿದೆ. ಮನುಷ್ಯರ ವಿಷಯಕ್ಕೆ ಬಂದಾಗ ಕೈ ಸಡಿಲವಾಗಿದೆ. ಯಾಕೆ?

ಮೊದಲ ಕಾರಣ ಮೇಜಿನ ಮೇಲೇ ಇದೆ. ಈ ಆಟಗಳಲ್ಲಿ ನೌಕೆಯ ನಕ್ಷೆಯನ್ನು ಚೌಕುಳಿ ಕಾಗದದ ಮೇಲೆ ಬರೆಯುತ್ತಾರೆ. ಒಂದು ಚೌಕ ಅಂದರೆ ಒಂದೂವರೆ ಮೀಟರ್. ಮೂರು ಮೀಟರ್ ಎತ್ತರದ ಎರಡು ಚೌಕ ಸೇರಿದರೆ ಹೆಚ್ಚುಕಡಿಮೆ ಒಂದು ಟನ್. ಕಾದಾಟ ಶುರುವಾದರೆ ಪುಟ್ಟ ಗೊಂಬೆಗಳನ್ನು ಇದರ ಮೇಲೆ ಸರಿಸಬೇಕು. ಒಂದು ಚೌಕಕ್ಕೆ ಒಂದು ಗೊಂಬೆ. ಹಾಗಾಗಿ ಯಾವ ಕಾರಿಡಾರೂ ಒಂದೂವರೆ ಮೀಟರಿಗಿಂತ ಕಿರಿದಾಗುವಂತಿಲ್ಲ. ನಿಜವಾದ ಯುದ್ಧನೌಕೆಯಲ್ಲಿ ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ತಿರುಗಿ ಗೋಡೆಗೆ ಒತ್ತಿಕೊಳ್ಳಬೇಕು. ಕುರ್ಸುರಾದಲ್ಲಿ ಒಂದು ಭಾಗದಿಂದ ಇನ್ನೊಂದಕ್ಕೆ ದಾಟಲು ಇರುವುದು ದುಂಡಗಿನ ಕಿಂಡಿ. ತಲೆ ಬಗ್ಗಿಸಿ, ಒಂದು ಕಾಲು ಎತ್ತಿ ಒಳಗಿಟ್ಟು ಮೈ ತೂರಿಸಬೇಕು. ಇದನ್ನು ಚೌಕುಳಿ ಕಾಗದದ ಮೇಲೆ ತೋರಿಸುವುದು ಹೇಗೆ?

ಎತ್ತರದ ಕಥೆಯೂ ಅಷ್ಟೇ. ನಕ್ಷೆ ಮೇಲಿಂದ ನೋಡಿದ ಚಿತ್ರ. ಅದರಲ್ಲಿ ಸೂರು ಕಾಣುವುದಿಲ್ಲ. ಯುದ್ಧನೌಕೆಯಲ್ಲಿ ಎಲ್ಲವೂ ಇರುವುದು ಸೂರಿನಲ್ಲೇ. ಗಾಳಿಯ ಕೊಳವೆ, ನೀರಿನ ಪೈಪು, ಬೆಂಕಿ ಆರಿಸುವ ಪೈಪು, ಕೇಬಲ್ ಕಟ್ಟುಗಳು. 2022ರಲ್ಲಿ ಸೇವೆಗೆ ಸೇರಿದ ನಮ್ಮ ವಿಕ್ರಾಂತ್ ಒಳಗೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಕೇಬಲ್ ಎಳೆದಿದ್ದಾರೆ. ಹೆಚ್ಚುಕಡಿಮೆ ಬೆಂಗಳೂರಿನಿಂದ ದೆಹಲಿಗೆ ಹೋಗುವಷ್ಟು. ಅದೆಲ್ಲ ಹಾದುಹೋಗುವುದು ಜನ ಓಡಾಡುವ ದಾರಿಯ ತಲೆಯ ಮೇಲೇ. ಎತ್ತರದವರು ತಗ್ಗಿ ನಡೆಯುವುದನ್ನು ಅಭ್ಯಾಸ ಮಾಡಿಕೊಳ್ಳಬೇಕಾಗುತ್ತದೆ.

ಎರಡನೆಯ ಕಾರಣ ನನ್ನ ಪ್ರಕಾರ ಇನ್ನೂ ಮುಖ್ಯ. ಟ್ರಾವೆಲರ್ ಮೂಲತಃ ವ್ಯಾಪಾರಿ ನೌಕೆಯ ಆಟ. ಅದರಲ್ಲಿ ಎಲ್ಲರಿಗೂ ಗೊತ್ತಿರುವ ನೌಕೆ ಅಂದರೆ 200 ಟನ್ನಿನ ‘ಫ್ರೀ ಟ್ರೇಡರ್’. ನಾಲ್ವರು ಸಿಬ್ಬಂದಿ, ಆರು ಜನ ಪ್ರಯಾಣಿಕರಿಗೆ ಕೋಣೆ, 82 ಟನ್ ಸರಕು. ಊರಿಂದೂರಿಗೆ ಸಾಮಾನು ಸಾಗಿಸಿ, ಸಾಲದ ಕಂತು ಕಟ್ಟಿ ಬದುಕುವ ಪುಟ್ಟ ಹಡಗು. ಇದನ್ನು ಸಮುದ್ರದ ಸರಕು ಹಡಗಿಗೆ ಹೋಲಿಸಿದರೆ ಆಟದ ಲೆಕ್ಕ ತಪ್ಪೇ ಅಲ್ಲ. 400 ಮೀಟರ್ ಉದ್ದದ ಕಂಟೇನರ್ ಹಡಗನ್ನು ಇವತ್ತು ಇಪ್ಪತ್ತೈದರ ಆಸುಪಾಸು ಜನ ನಡೆಸುತ್ತಾರೆ. ಒಬ್ಬೊಬ್ಬರಿಗೂ ಸ್ವಂತ ಕ್ಯಾಬಿನ್ ಇರುತ್ತದೆ. 2013ರಿಂದ ಜಾರಿಯಲ್ಲಿರುವ ಸಮುದ್ರ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದವೇ ಇದಕ್ಕೆ ಅಳತೆ ಹಾಕಿಕೊಟ್ಟಿದೆ. ಒಬ್ಬರೇ ಇರುವ ಕ್ಯಾಬಿನ್ ಚಿಕ್ಕ ಹಡಗಿನಲ್ಲಿ ಕಡಿಮೆ ಅಂದರೂ 4.5 ಚದರ ಮೀಟರ್, ದೊಡ್ಡದರಲ್ಲಿ 7 ಚದರ ಮೀಟರ್ ಇರಬೇಕು. ಆಟದ ಕೋಣೆಗೆ ಒಟ್ಟು 18 ಚದರ ಮೀಟರ್ ಬರುತ್ತದೆ. ಅದರಲ್ಲಿ ಒಂದು ಪಾಲು ಊಟದ ಜಾಗಕ್ಕೆ, ಓಡಾಟಕ್ಕೆ ಹೋಗುತ್ತದೆ. ಅರ್ಧ ಉಳಿಯಿತು ಅಂದುಕೊಂಡರೂ 9. ಸ್ವಲ್ಪ ಉದಾರ, ಆದರೆ ನಂಬಬಹುದಾದ ಅಳತೆ. ಸರಕು ಹಡಗಿನವರಿಗೆ ಜಾಗದ ಕೊರತೆ ಇಲ್ಲ. ಹಡಗೇ ದೊಡ್ಡದು, ಜನ ಕಡಿಮೆ.

ಎಡವಟ್ಟಾಗಿದ್ದು ಆಮೇಲೆ. ಇದೇ ಅಳತೆಯನ್ನು ಯುದ್ಧನೌಕೆಗೂ ಹಾಕಿದರು. ಸರಕಿನ ಜಾಗ ತೆಗೆದು ಗನ್ ಕೂರಿಸಿದರೆ ಯುದ್ಧನೌಕೆ ಆಗುತ್ತದೆ ಅನ್ನುವ ಲೆಕ್ಕ. ದೊಡ್ಡ ನೌಕೆಗಳಲ್ಲಿ ಇದು ವಿಪರೀತಕ್ಕೆ ಹೋಗುತ್ತದೆ. 1980ರಲ್ಲಿ ಈ ಆಟದ ಕಂಪನಿಯೇ 60,000 ಟನ್ನಿನ ಕ್ರೂಸರ್ (ದೊಡ್ಡ ಯುದ್ಧನೌಕೆ) ಒಂದರ ಡೆಕ್ (ಮಹಡಿ) ನಕ್ಷೆಗಳನ್ನೇ ಆಟವಾಗಿ ಹೊರತಂದಿತು. 60,000 ಕೇಳಿದರೆ 45,000 ಟನ್ನಿನ ವಿಕ್ರಾಂತಕ್ಕಿಂತ ಸ್ವಲ್ಪ ದೊಡ್ಡದು ಅನ್ನಿಸುತ್ತದೆ. ಘನ ಮೀಟರಿಗೆ ಬದಲಾಯಿಸಿದರೆ 8.4 ಲಕ್ಷ. ಮನುಷ್ಯರು ಕಟ್ಟಿದ ಅತಿ ಉದ್ದದ ಹಡಗು ‘ಸೀವೈಸ್ ಜಯಂಟ್’ ತೈಲ ಹಡಗು ಪೂರ್ತಿ ತುಂಬಿದಾಗ ಸರಿಸುತ್ತಿದ್ದ ನೀರು 6.57 ಲಕ್ಷ ಟನ್. ಆ ಕ್ರೂಸರನ್ನು ಸಮುದ್ರದಲ್ಲಿ ಪೂರ್ತಿ ಮುಳುಗಿಸಿದರೆ ಅದಕ್ಕಿಂತ ಜಾಸ್ತಿ ನೀರು ಸರಿಯುತ್ತದೆ!

ಈಗ ಯುದ್ಧನೌಕೆಯೊಳಗೆ ಅಷ್ಟೊಂದು ಜನರನ್ನು ಯಾಕೆ ತುಂಬುತ್ತಾರೆ ನೋಡೋಣ. ಜಿಪುಣತನಕ್ಕಂತೂ ಅಲ್ಲ. ಯುದ್ಧನೌಕೆಯಲ್ಲಿ ಜಾಗವನ್ನು ಗಡಿಯಾರದ ಜೊತೆ ಹಂಚುತ್ತಾರೆ. ಬ್ರಿಟನ್ನಿನ ‘ವಿಕ್ಟರಿ’ 1805ರ ಟ್ರಫಾಲ್ಗರ್ ಯುದ್ಧಕ್ಕೆ ಹೋದಾಗ ಅದರಲ್ಲಿ 820 ಜನ ಇದ್ದರು. ಗನ್ ಡೆಕ್ಕಿನ ಉದ್ದ 57 ಮೀಟರ್ ಮಾತ್ರ. ಒಬ್ಬ ನಾವಿಕನ ತೂಗುಹಾಸಿಗೆಗೆ ಕೊಡುತ್ತಿದ್ದ ಅಗಲ 14 ಅಂಗುಲ. ಒಂದು ಪಾಳಿಯವರು ಮೇಲೆ ಕೆಲಸದಲ್ಲಿದ್ದಾಗ ಪಕ್ಕದ ಹಾಸಿಗೆ ಖಾಲಿ ಆಗುತ್ತಿತ್ತು, ಹಾಗಾಗಿ 28 ಅಂಗುಲ ಸಿಗುತ್ತಿತ್ತು. ಬೆಳಗ್ಗೆ ಹಾಸಿಗೆ ಸುತ್ತಿಟ್ಟರೆ ಅದೇ ಜಾಗದಲ್ಲಿ ಊಟ. ಯುದ್ಧ ಬಂದರೆ ಅದೇ ಜಾಗದಲ್ಲಿ ತೋಪು. ಲಂಡನ್ನಿನಲ್ಲಿ ಥೇಮ್ಸ್ ನದಿಯಲ್ಲಿ ಮ್ಯೂಸಿಯಂ ಆಗಿ ನಿಂತಿರುವ ಕ್ರೂಸರ್ ‘ಬೆಲ್‌ಫಾಸ್ಟ್’ 1938ರಲ್ಲಿ ನೀರಿಗಿಳಿದದ್ದು. ಅದರಲ್ಲೂ ನಾವಿಕರು ಉಣ್ಣುತ್ತಿದ್ದ ಕಡೆಯೇ ತೂಗುಹಾಸಿಗೆ ಕಟ್ಟಿ ಮಲಗುತ್ತಿದ್ದರು.

ಎರಡನೇ ಮಹಾಯುದ್ಧದ ಜರ್ಮನ್ ಯು-ಬೋಟುಗಳದ್ದು, ಅಂದರೆ ಸಬ್‌ಮೆರೀನುಗಳದ್ದು, ಇನ್ನೂ ಬಿಗಿಯಾದ ಲೆಕ್ಕ. ಅತಿ ಹೆಚ್ಚು ಕಟ್ಟಿದ 7ಸಿ ಮಾದರಿಯಲ್ಲಿ ಸಿಬ್ಬಂದಿ 44ರಿಂದ 52. ಮುಳುಗಿದಾಗ ಅದು ಸರಿಸುತ್ತಿದ್ದ ನೀರು 871 ಟನ್, ಆಟದ ಲೆಕ್ಕದಲ್ಲಿ 61 ಟನ್. ಮುಂದಿನ ಟಾರ್ಪಿಡೊ ಕೋಣೆಯಲ್ಲೇ ಸಾಮಾನ್ಯ ನಾವಿಕರ ಹಾಸಿಗೆ. ಹೆಚ್ಚುವರಿ ಟಾರ್ಪಿಡೊಗಳು ನೆಲದ ಮೇಲೆ ಇರುವಷ್ಟು ದಿನ ಕೆಳಗಿನ ಬಂಕ್ ಬಿಚ್ಚುವುದಕ್ಕೂ ಆಗುತ್ತಿರಲಿಲ್ಲ. ಶತ್ರು ಹಡಗಿನ ಮೇಲೆ ಟಾರ್ಪಿಡೊ ಹಾರಿಸಿದ ಮೇಲೇ ಕಾಲು ಚಾಚಲು ಜಾಗ. ಇದ್ದದ್ದು ಎರಡು ಶೌಚಾಲಯ. ಹೊರಡುವಾಗ ಒಂದರಲ್ಲಿ ಊಟದ ಸಾಮಾನು ತುಂಬಿರುತ್ತಿದ್ದರು. ಒಬ್ಬ ಎದ್ದು ಪಾಳಿಗೆ ಹೋದ ಕೂಡಲೇ ಇನ್ನೊಬ್ಬ ಅದೇ ಬಂಕಿನಲ್ಲಿ ಮಲಗುವ ರೂಢಿ ಇವತ್ತಿಗೂ ಕೆಲವು ಸಬ್‌ಮೆರೀನುಗಳಲ್ಲಿ ಇದೆ.

ಆಟದ ನಕ್ಷೆಯಲ್ಲಿ ಒಂದು ಕೋಣೆಗೆ ಒಂದೇ ಕೆಲಸ. ಮಲಗುವ ಕೋಣೆ ಮಲಗುವುದಕ್ಕೆ, ಊಟದ ಕೋಣೆ ಊಟಕ್ಕೆ. ದಿನದ ಹದಿನಾರು ಗಂಟೆ ಖಾಲಿ ಬಿದ್ದಿರುವ ಹಾಸಿಗೆಗೂ ಅಲ್ಲಿ ಜಾಗ ಸಿಗುತ್ತದೆ.

ಇನ್ನೊಂದು ವಿಚಿತ್ರ ನೋಡಿ. ಆ ನಕ್ಷೆಗಳಲ್ಲಿ ಉಗ್ರಾಣ ಕಾಣುವುದೇ ಅಪರೂಪ. ಊಟ, ಗಾಳಿ, ನೀರು ಎಲ್ಲವನ್ನೂ ‘ಜೀವರಕ್ಷಕ ವ್ಯವಸ್ಥೆ’ ಅಂತ ಸೇರಿಸಿ ಕೋಣೆಗೆ ಎರಡು ವಾರಕ್ಕೆ ಇಷ್ಟು ದುಡ್ಡು ಅಂತ ಹಾಕಿಬಿಡುತ್ತಾರೆ. ದುಡ್ಡು ಕೊಟ್ಟರೆ ಮುಗಿಯಿತು, ಜಾಗದ ಮಾತಿಲ್ಲ. ವಿಕ್ರಮಾದಿತ್ಯದಲ್ಲಿ 1,600ಕ್ಕೂ ಹೆಚ್ಚು ಜನ ಇರುತ್ತಾರೆ. ತಿಂಗಳಿಗೆ ಹತ್ತಿರ ಹತ್ತಿರ ಒಂದು ಲಕ್ಷ ಮೊಟ್ಟೆ, 20,000 ಲೀಟರ್ ಹಾಲು, 16 ಟನ್ ಅಕ್ಕಿ ಬೇಕು ಅಂತ ನೌಕಾಪಡೆಯೇ ಹೇಳಿದೆ. ದಡಕ್ಕೆ ಬಾರದೆ ಸುಮಾರು 45 ದಿನ ಸಮುದ್ರದಲ್ಲಿರುವ ಹಡಗು ಅದು. ಇಷ್ಟನ್ನೂ ಎಲ್ಲಾದರೂ ಇಡಬೇಕಲ್ಲ? ಅಮೆರಿಕದ ಅಣುಶಕ್ತಿ ಸಬ್‌ಮೆರೀನುಗಳು ಗಾಳಿಯನ್ನೂ ಕುಡಿಯುವ ನೀರನ್ನೂ ತಾವೇ ತಯಾರಿಸಿಕೊಳ್ಳುತ್ತವೆ. ಅವು ದಡಕ್ಕೆ ಬರುವುದು ಊಟ ಮುಗಿದಾಗ. ಲಾಂಗ್ ಟ್ರಿಪ್ಪಿಗೆ ಹೊರಡುವಾಗ ನಡೆಯುವ ದಾರಿಯ ನೆಲದ ಮೇಲೇ ಡಬ್ಬಿಗಳನ್ನು ಜೋಡಿಸಿ, ಮೇಲೆ ಹಲಗೆ ಹಾಕಿ, ಅದರ ಮೇಲೇ ಓಡಾಡುತ್ತಾರೆ. ವಾರಗಳು ಕಳೆದ ಹಾಗೆ ನೆಲ ಇಳಿಯುತ್ತಾ ಹೋಗುತ್ತದೆ. ಆಟದಲ್ಲಿ ಇಂಥ ಒಂದು ವಿವರ ಬಂದರೆ ನೌಕೆ ಎಷ್ಟು ದಿನದಿಂದ ಹೊರಗಿದೆ ಅನ್ನುವುದು ಹೇಳದೆಯೇ ಗೊತ್ತಾಗುತ್ತದೆ.

ಜಾಗ ಎಷ್ಟು ಅನ್ನುವುದಕ್ಕಿಂತ ಜಾಗವನ್ನು ಹೇಗೆ ತುಂಡು ಮಾಡಿದ್ದಾರೆ ಅನ್ನುವುದರಲ್ಲಿ ಇನ್ನೂ ದೊಡ್ಡ ವ್ಯತ್ಯಾಸ ಇದೆ. ನನಗೆ ಆಟದ ನಕ್ಷೆಗಳಲ್ಲಿ ನಿಜವಾಗಿ ಕಾಡುವುದು ಇದೇ. ಬಹುಪಾಲು ನಕ್ಷೆಗಳಲ್ಲಿ ಮೂತಿಯಿಂದ ಬಾಲದವರೆಗೆ ನಡುವೆ ಒಂದು ನೇರ ಕಾರಿಡಾರ್. ಎರಡೂ ಕಡೆ ಕೋಣೆಗಳ ಸಾಲು. ಹೋಟೆಲಿಗೆ ಇದು ಚೆನ್ನ. ಯುದ್ಧನೌಕೆಯನ್ನು ಹೀಗೆ ಕಟ್ಟಿದರೆ ಒಂದು ತೂತು ಬಿದ್ದರೆ ಇಡೀ ಹಡಗೇ ಹೋಗುತ್ತದೆ.

ನಿಜ ಯುದ್ಧನೌಕೆಯನ್ನು ಅಡ್ಡಡ್ಡ ಉಕ್ಕಿನ ಗೋಡೆಗಳಿಂದ ಭಾಗ ಮಾಡಿರುತ್ತಾರೆ. ಅದಕ್ಕೆ ಬಲ್ಕ್‌ಹೆಡ್ ಅನ್ನುತ್ತಾರೆ. ಒಂದು ನಿರ್ದಿಷ್ಟ ಡೆಕ್ಕಿನ ಕೆಳಗೆ ಈ ಮುಖ್ಯ ಗೋಡೆಗಳಲ್ಲಿ ಸಾಮಾನ್ಯವಾಗಿ ಬಾಗಿಲೇ ಇರುವುದಿಲ್ಲ. ಎಂಜಿನ್ ಕೋಣೆಯಿಂದ ಪಕ್ಕದ ಎಂಜಿನ್ ಕೋಣೆಗೆ ಹೋಗಬೇಕಾದರೆ ಕಡಿದಾದ ಏಣಿ ಹತ್ತಿ ಮೇಲಿನ ಡೆಕ್ಕಿಗೆ ಬಂದು, ಗೋಡೆ ದಾಟಿ, ಮತ್ತೆ ಏಣಿ ಇಳಿಯಬೇಕು. ಎರಡು ಮೀಟರ್ ಆಚೆಗಿರುವ ಜಾಗಕ್ಕೆ ಅಷ್ಟು ದೊಡ್ಡ ಸುತ್ತು. ಕೆಳಗೆ ನೀರು ನುಗ್ಗಿದರೆ ಅದು ಆ ಒಂದು ಭಾಗದಲ್ಲೇ ನಿಲ್ಲಲಿ ಅನ್ನುವುದಕ್ಕೆ ಈ ವ್ಯವಸ್ಥೆ.

ಹಾಗಾಗಿಯೇ ಒಳಗೆ ದಾರಿ ತಪ್ಪುವುದು ಸುಲಭ. ವಿಕ್ರಾಂತದಲ್ಲಿ 14 ಡೆಕ್, ಸುಮಾರು 2,200 ಕಂಪಾರ್ಟ್‌ಮೆಂಟ್. ಅಮೆರಿಕದ ನೌಕಾಪಡೆಯಲ್ಲಿ ಪ್ರತಿ ಕಂಪಾರ್ಟ್‌ಮೆಂಟಿನ ಗೋಡೆಯ ಮೇಲೂ ಒಂದು ವಿಳಾಸ ಬರೆದಿರುತ್ತಾರೆ. ಉದಾಹರಣೆಗೆ ‘2-35-1-ಎಲ್’. ಮೊದಲ ಅಂಕಿ ಡೆಕ್. ಎರಡನೆಯದು ಮೂತಿಯ ಕಡೆಯಿಂದ ಎಣಿಸಿದರೆ ಹಡಗಿನ ಪಕ್ಕೆಲುಬಿನಂಥ ಎಷ್ಟನೇ ಅಡ್ಡ ಚೌಕಟ್ಟು ಅನ್ನುವುದು. ಮೂರನೆಯದು ಬೆಸ ಸಂಖ್ಯೆಯಾದರೆ ನಡುಗೆರೆಯ ಬಲಕ್ಕೆ, ಸರಿ ಸಂಖ್ಯೆಯಾದರೆ ಎಡಕ್ಕೆ. ಕೊನೆಯ ಅಕ್ಷರ ಆ ಜಾಗ ಯಾವ ಕೆಲಸಕ್ಕೆ ಅಂತ ಹೇಳುತ್ತದೆ, ಎಲ್ ಅಂದರೆ ಜನ ವಾಸಿಸುವ ಜಾಗ. ಕತ್ತಲಲ್ಲಿ, ಹೊಗೆಯಲ್ಲಿ ಟಾರ್ಚ್ ಬೆಳಕು ಬಿಟ್ಟು ಇದೊಂದನ್ನು ಓದಿದರೆ ಸಾಕು, ಎಲ್ಲಿದ್ದೇವೆ ಅಂತ ಗೊತ್ತಾಗುತ್ತದೆ. ಹೊಸದಾಗಿ ಸೇರಿದವರು ಮೊದಲು ಕಲಿಯುವ ವಿಷಯಗಳಲ್ಲಿ ಇದೂ ಒಂದು. ಆಟ ನಡೆಸಿಕೊಡುವ ಗೇಮ್ ಮಾಸ್ಟರುಗಳು ಇದನ್ನು ಹಾಗೇ ಎತ್ತಿಕೊಳ್ಳಬಹುದು. ಗೋಡೆಯ ಮೇಲಿನ ಒಂದು ಸಾಲು ವಿಳಾಸ ಓದಿ ಹೇಳಿದರೆ ನಕ್ಷೆ ತೋರಿಸದೆಯೇ ಆಟಗಾರರಿಗೆ ದಾರಿ ಸಿಗುತ್ತದೆ.

ಬಾಹ್ಯಾಕಾಶದಲ್ಲಿ ನೀರು ನುಗ್ಗುವುದಿಲ್ಲವಲ್ಲ ಅಂತ ಕೇಳಬಹುದು. ನುಗ್ಗುವುದಿಲ್ಲ, ಗಾಳಿ ಹೊರಗೆ ಹೋಗುತ್ತದೆ. ಅದಕ್ಕೆ ನಿಜವಾದ ಉದಾಹರಣೆಯೇ ಇದೆ. 1997ರ ಜೂನ್ 25ರಂದು ರಷ್ಯಾದ ಮಿರ್ ನಿಲ್ದಾಣಕ್ಕೆ ಒಂದು ಪ್ರೋಗ್ರೆಸ್ ಸರಕು ನೌಕೆ ಡಿಕ್ಕಿ ಹೊಡೆಯಿತು. ಸ್ಪೆಕ್ತ್ರ್ ಅನ್ನುವ ಮಾಡ್ಯೂಲಿಗೆ ತೂತು ಬಿತ್ತು. ಒಳಗಿದ್ದವರು ಮೂವರು: ರಷ್ಯಾದ ತ್ಸಿಬ್ಲಿಯೇವ್ ಮತ್ತು ಲಾಜುಟ್ಕಿನ್, ಅಮೆರಿಕದ ಫೋಲ್. ಗಾಳಿ ಇಳಿಯುತ್ತಿರುವುದು ಕಿವಿಗೇ ಗೊತ್ತಾಗುತ್ತಿತ್ತು. ಸ್ಪೆಕ್ತ್ರ್‌ನ ಬಾಗಿಲು ಮುಚ್ಚಬೇಕು. ಆದರೆ ಆ ಬಾಗಿಲಿನ ಮೂಲಕ ಕೇಬಲ್‌ಗಳನ್ನು ಎಳೆದಿದ್ದರು. ವರ್ಷಗಟ್ಟಲೆ ತೆರೆದೇ ಇದ್ದ ದಾರಿ, ಸೌಕರ್ಯಕ್ಕೆ ಅಂತ ಅದರಲ್ಲೇ ತಂತಿ ಹಾಯಿಸಿದ್ದರು. ಅವುಗಳನ್ನು ಒಂದೊಂದಾಗಿ ಕಿತ್ತು, ಕೀಳಲಾಗದ್ದನ್ನು ಕತ್ತರಿಸಿ, ಒಂದು ಮುಚ್ಚಳ ತಂದು ಬಾಯಿಗೆ ಹಾಕಿದ ಮೇಲೆ ಗಾಳಿ ಸೋರುವುದು ನಿಂತಿತು. ನಿಲ್ದಾಣದ ವಿದ್ಯುತ್ತಿನ ದೊಡ್ಡ ಪಾಲು ಆ ಮಾಡ್ಯೂಲಿನ ಸೌರಫಲಕಗಳಿಂದ ಬರುತ್ತಿತ್ತು, ಅದು ಹೋಯಿತು. ಮೂವರೂ ಉಳಿದರು.

ಒಂದು ಬಾಗಿಲು, ಅದರ ನಡುವೆ ಹಾದುಹೋದ ಕೇಬಲ್, ಕೆಲವೇ ನಿಮಿಷ. ಮೇಜಿನ ಮೇಲೆ ಆಡುವುದಕ್ಕೆ ಇದಕ್ಕಿಂತ ಒಳ್ಳೆಯ ದೃಶ್ಯ ಎಲ್ಲಿ ಸಿಗುತ್ತದೆ? ಆದರೆ ನಕ್ಷೆಯಲ್ಲಿ ಕೇಬಲ್ಲೇ ಇಲ್ಲದಿದ್ದರೆ ಈ ದೃಶ್ಯ ಹುಟ್ಟುವುದೇ ಇಲ್ಲ. ಇಕ್ಕಟ್ಟಾದ ನೌಕೆ ಆಟಕ್ಕೆ ಅಡ್ಡಿ ಅಂತ ಕೆಲವರು ವಾದ ಮಾಡುತ್ತಾರೆ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಗೊಂಬೆ ಸರಿಸಲು ಇಕ್ಕಟ್ಟು ಅಡ್ಡಿ ಹೌದು, ಕಥೆಗೆ ಅಲ್ಲ.

ಇನ್ನು ಜನಸಂಖ್ಯೆಯ ವಿಷಯ. ಯುದ್ಧನೌಕೆ ನಡೆಸಲು ಬೇಕಾದ ಜನ ಬೇರೆ, ಪೆಟ್ಟು ತಿಂದ ಮೇಲೆ ಅದನ್ನು ಉಳಿಸಿಕೊಳ್ಳಲು ಬೇಕಾದ ಜನ ಬೇರೆ. 1988ರ ಏಪ್ರಿಲ್ 14ರಂದು ಪರ್ಷಿಯನ್ ಕೊಲ್ಲಿಯಲ್ಲಿ ಅಮೆರಿಕದ ಫ್ರಿಗೇಟ್ ದರ್ಜೆಯ ಯುದ್ಧನೌಕೆ ‘ಸ್ಯಾಮ್ಯುಯೆಲ್ ಬಿ. ರಾಬರ್ಟ್ಸ್’ ಇರಾನ್ ನೀರಿನಲ್ಲಿ ಬಿಟ್ಟಿದ್ದ ಸ್ಫೋಟಕ ಮೈನ್‌ಗೆ ತಾಗಿತು. ಹೊಟ್ಟೆಯಲ್ಲಿ ಸುಮಾರು ನಾಲ್ಕೂವರೆ ಮೀಟರ್ ಅಗಲದ ತೂತು. ಹಡಗಿನ ಬೆನ್ನೆಲುಬೇ ಮುರಿಯಿತು. ಎಂಜಿನ್ ಕೋಣೆಗೆ ನೀರು ತುಂಬಿತು, ಬೆಂಕಿಯೂ ಹತ್ತಿತು. ಮೇಲಿನ ರಚನೆ ಸೀಳುತ್ತಿದ್ದಾಗ ನಾವಿಕರು ಉಕ್ಕಿನ ಹಗ್ಗಗಳನ್ನು ಆಚೀಚೆ ಬಿಗಿದು ಹೊಲಿದ ಹಾಗೆ ಕಟ್ಟಿದರು. ಐದು ಗಂಟೆ ಹೋರಾಡಿ ಹಡಗನ್ನು ಉಳಿಸಿಕೊಂಡರು. ಒಬ್ಬರೂ ಸಾಯಲಿಲ್ಲ. ಸುಮಾರು 4,000 ಟನ್ನಿನ ಆ ಹಡಗಿನಲ್ಲಿ ಇದ್ದವರು ಇನ್ನೂರರ ಆಸುಪಾಸು. ಹೋಸ್ ಹಿಡಿಯುವವರು, ಮರದ ದಿಮ್ಮಿ ಹೊತ್ತು ಗೋಡೆಗೆ ಆಸರೆ ಕೊಡುವವರು, ಮದ್ದುಗುಂಡುಗಳನ್ನು ಬೆಂಕಿಯಿಂದ ದೂರ ಸಾಗಿಸುವವರು ಬೇಕಿತ್ತು. ಆಟದ ಗಸ್ತು ನೌಕೆಯ 18 ಜನರಲ್ಲಿ ಈ ಕೆಲಸ ಯಾರಿಗೂ ಇಲ್ಲ. ಗನ್ನರುಗಳು ಗನ್ ಬಿಟ್ಟು ಬರುವಂತಿಲ್ಲ, ಮೂವರು ಎಂಜಿನಿಯರುಗಳು ಎಂಜಿನ್ ಬಿಡುವಂತಿಲ್ಲ.

ಇದೆಲ್ಲ ಬರೀ ಆಟದ ಮಾತಲ್ಲ. ಈಗ ನಿಜವಾದ ನೌಕಾಪಡೆಗಳೇ ಆಟದ ಲೆಕ್ಕದ ಕಡೆಗೆ ಸರಿಯುತ್ತಿವೆ. ಕಾರಣ ಸರಳ. ಜನರಿಗೆ ಸಂಬಳ ಕೊಡಬೇಕು, ಸೇರುವವರು ಕಡಿಮೆ ಆಗಿದ್ದಾರೆ. ಸೇರಿದವರೂ 14 ಅಂಗುಲದಲ್ಲಿ ಮಲಗುವ ಕಾಲ ಹೋಯಿತು, ಹೋಗಲೇಬೇಕಿತ್ತು. ವಿಕ್ರಾಂತವನ್ನು ಕಟ್ಟುವಾಗಲೇ ಮಹಿಳಾ ಅಧಿಕಾರಿಗಳು, ಮಹಿಳಾ ನಾವಿಕರಿಗೆ ಅಂತ ಪ್ರತ್ಯೇಕ ಕ್ಯಾಬಿನ್‌ಗಳನ್ನು ಇಟ್ಟುಕೊಂಡರು. ಇದು ಒಳ್ಳೆಯ ಬದಲಾವಣೆ. ಆದರೆ ತಲೆಗೆ ಸಿಗುವ ಜಾಗ ಹೆಚ್ಚಬೇಕಾದರೆ ಹಡಗು ದೊಡ್ಡದಾಗಬೇಕು, ಇಲ್ಲವೇ ಜನ ಕಡಿಮೆ ಆಗಬೇಕು.

ಅಮೆರಿಕ ಜನ ಕಡಿಮೆ ಮಾಡಿ ನೋಡಿತು. 2008ರಲ್ಲಿ ಸೇವೆಗೆ ಬಂದ ‘ಫ್ರೀಡಂ’ 115 ಮೀಟರ್ ಉದ್ದದ ಹಡಗು. ಮುಖ್ಯ ಸಿಬ್ಬಂದಿ 40 ಸಾಕು, ಉಳಿದದ್ದನ್ನು ಕಂಪ್ಯೂಟರು ನೋಡಿಕೊಳ್ಳುತ್ತದೆ ಅಂದರು. ನಿದ್ದೆಗೆಟ್ಟು ಜನ ಸೋತರು. ರಿಪೇರಿ, ಶುಚಿ, ಕಾವಲು, ಅಡುಗೆ ಎಲ್ಲ ಅದೇ ಕೈಗಳ ಮೇಲೆ ಬಿತ್ತು. 2013ರಲ್ಲಿ ಸಿಂಗಪುರಕ್ಕೆ ಕಳಿಸುವ ಮೊದಲು 20 ಬಂಕ್‌ಗಳನ್ನು ಹೆಚ್ಚುವರಿಯಾಗಿ ತುರುಕಬೇಕಾಯಿತು. ಕಾಗದದ ಮೇಲೆ ಸರಿಯಾಗಿ ಕಂಡ ಲೆಕ್ಕ ಸಮುದ್ರದಲ್ಲಿ ಕೂಡಲಿಲ್ಲ. ಆಮೇಲೆ ಆ ದರ್ಜೆಯ ಸಿಬ್ಬಂದಿ ಸಂಖ್ಯೆಯನ್ನೇ ಏರಿಸಿದರು.

ಜಪಾನ್ ಅದೇ ದಾರಿಯಲ್ಲಿ ಇನ್ನೂ ಮುಂದೆ ಹೋಗಿದೆ. 2022ರಿಂದ ಸೇವೆಯಲ್ಲಿರುವ ಮೊಗಾಮಿ ದರ್ಜೆಯ ಫ್ರಿಗೇಟುಗಳು 133 ಮೀಟರ್ ಉದ್ದ, ತುಂಬಿದಾಗ ಸುಮಾರು 5,500 ಟನ್. ಸಿಬ್ಬಂದಿ 90. ಹೆಚ್ಚುಕಡಿಮೆ ಅಷ್ಟೇ ಉದ್ದದ ಹಳೆಯ ಅಸಾಗಿರಿ ದರ್ಜೆಯಲ್ಲಿ 220 ಜನ ಇರುತ್ತಿದ್ದರು. 2025ರ ಆಗಸ್ಟಿನಲ್ಲಿ ಆಸ್ಟ್ರೇಲಿಯಾ ಇದೇ ಮೊಗಾಮಿಯ ಸುಧಾರಿತ ಮಾದರಿಯನ್ನು ಆರಿಸಿಕೊಂಡಿತು. ರಾಬರ್ಟ್ಸ್‌ಗೆ ಆದಂಥ ಪೆಟ್ಟು ಮೊಗಾಮಿಗೆ ಬಿದ್ದರೆ 90 ಜನ ಸಾಕಾಗುತ್ತಾರಾ? ಬೆಂಕಿಯನ್ನು ತಾನೇ ಕಂಡುಹಿಡಿದು ತಾನೇ ಆರಿಸುವ ಯಂತ್ರಗಳು ಅಂದಿಗಿಂತ ಇಂದು ಎಷ್ಟೋ ಚೆನ್ನಾಗಿವೆ ನಿಜ. ಆದರೆ ಆ ಯಂತ್ರಗಳ ತಂತಿಯೇ ಕಡಿದುಹೋದರೆ ಹೋಸ್ ಹಿಡಿಯಬೇಕಾದದ್ದು ಕೈಗಳೇ. ನನಗಂತೂ 90 ತೀರಾ ಕಡಿಮೆ ಅನ್ನಿಸುತ್ತದೆ.

ಇದರ ಇನ್ನೊಂದು ತುದಿಯೂ ಈಗ ನೀರಿಗಿಳಿದಿದೆ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ 2025ರಲ್ಲಿ ‘ಡಿಫೈಯಂಟ್’ ಅನ್ನುವ ಹಡಗನ್ನು ತೋರಿಸಿತು. 55 ಮೀಟರ್, 240 ಟನ್. ಅದರಲ್ಲಿ ಯಾವತ್ತೂ ಮನುಷ್ಯರು ಇರುವುದಿಲ್ಲ ಅಂತಲೇ ಮೊದಲ ಗೆರೆಯಿಂದ ವಿನ್ಯಾಸ ಮಾಡಿದ್ದಾರೆ. ಬಂಕ್ ಇಲ್ಲ, ಅಡುಗೆಮನೆ ಇಲ್ಲ, ಶೌಚಾಲಯ ಇಲ್ಲ. ಕಾರವಾರದ ಬೀಚಿನಲ್ಲಿ ಮ್ಯೂಸಿಯಂ ಆಗಿ ನಿಂತಿರುವ ಐಎನ್‌ಎಸ್ ಚಾಪೆಲ್ ಕ್ಷಿಪಣಿ ದೋಣಿಯ ತೂಕವೂ ಹೆಚ್ಚುಕಡಿಮೆ ಇಷ್ಟೇ. ಉದ್ದ ಇನ್ನೂ ಕಡಿಮೆ, 39 ಮೀಟರ್ ಸಹ ಇಲ್ಲ. ಅದರಲ್ಲಿ ನಾಲ್ಕು ಕ್ಷಿಪಣಿಗಳ ಜೊತೆ ಮೂವತ್ತರ ಆಸುಪಾಸು ಜನ ಇರುತ್ತಿದ್ದರು.

ಈ ಎರಡು ತುದಿಗಳನ್ನು ನೋಡಿದರೆ ಆಟದ ಗಸ್ತು ನೌಕೆಯ 18 ಜನ ಯಾವ ಕಡೆಗೂ ಸೇರುವುದಿಲ್ಲ. ಯಂತ್ರಗಳು ಅಷ್ಟು ಜಾಣವಾಗಿದ್ದರೆ ಒಬ್ಬರೂ ಬೇಕಿಲ್ಲ. ಪೆಟ್ಟು ತಿಂದೂ ಉಳಿಯಬೇಕಾದರೆ 18 ಸಾಲದು. ನಾನು ನಕ್ಷೆ ಬರೆಯುವುದಾದರೆ ಆ 12 ಕೋಣೆಗಳ 48 ಟನ್ ಜಾಗವನ್ನು ಹಾಗೇ ಇಟ್ಟುಕೊಂಡು ತಲೆಗೆ ಒಂದು ಟನ್, ಅಂದರೆ 14 ಘನ ಮೀಟರ್ ಕೊಡುತ್ತೇನೆ. ಬಂಕು, ಊಟದ ಜಾಗ, ಬಚ್ಚಲು, ಉಗ್ರಾಣದ ಪಾಲು ಎಲ್ಲ ಅದರಲ್ಲೇ. ಎಂಜಿನ್ನಿಗೆ, ಇಂಧನಕ್ಕೆ, ಗನ್ನಿಗೆ ಬೇರೆ ಜಾಗ ಇದ್ದೇ ಇದೆ, ಹಾಗಾಗಿ ಇದು ಕುರ್ಸುರಾದಷ್ಟು ಬಿಗಿಯೂ ಆಗುವುದಿಲ್ಲ. ನೌಕೆಯನ್ನು ಒಂದಿಂಚೂ ದೊಡ್ಡದು ಮಾಡದೆ 48 ಜನ ಹಿಡಿಯುತ್ತಾರೆ. ಹದಿನಾರು ಜನರ ಮೂರು ಪಾಳಿ. ಹೆಚ್ಚಿಗೆ ಬಂದ 30 ಜನರಿಗೆ ಗನ್ ಕೊಡುವುದಿಲ್ಲ. ಹತ್ತು ಹತ್ತು ಜನರ ಮೂರು ತಂಡ ಮಾಡಿ, ಮೂತಿಗೆ ಒಂದು, ನಡುವಿಗೆ ಒಂದು, ಬಾಲಕ್ಕೆ ಒಂದು ಅಂತ ನಿಲ್ಲಿಸಿ, ಗೋಡೆಗೆ ಹಚ್ಚುವ ತೇಪೆ, ಕೇಬಲ್ ಕತ್ತರಿಸುವ ಕೊಡಲಿ, ಗಾಳಿಯ ಸಿಲಿಂಡರುಗಳನ್ನು ಕೈಗೆ ಕೊಡುತ್ತೇನೆ. ನಡುವಿನ ನೇರ ಕಾರಿಡಾರನ್ನು ಮೂರು ಕಡೆ ಕಡಿದು, ಒಂದೊಂದು ಗೋಡೆಯನ್ನೂ ದಾಟಬೇಕಾದರೆ ಏಣಿ ಹತ್ತಿ ಇಳಿಯುವ ಹಾಗೆ ಬರೆಯುತ್ತೇನೆ.